ಇಳಿತದ ಹೊತ್ತು

ನನಗೆ ಮೂರು ಸ್ವರ ನುಡಿಸಲೂ ಬರುತ್ತಿರಲಿಲ್ಲ.
ಅವರಿಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು.
ನನ್ನ ಹತ್ತಿರ ಇದ್ದದ್ದು ಚಿಕ್ಕಪ್ಪ ವಾಲ್ಟರನ ಮೀನಿನ ವ್ಯಾನು,
ಅದೂ ಶನಿವಾರ ಸಂಜೆ ಐದರ ಮೇಲೆ.
ಅಷ್ಟಕ್ಕೇ ನಾನು ಲೂಸ್ ಗಿಲ್ಸ್ ಬ್ಯಾಂಡಿನ ಐದನೆಯವನಾದೆ.

ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ ಆ ವರ್ಷ
ದೋಣಿಗಳು ಸಾಲಾಗಿ ನಿಂತು ತುಕ್ಕು ಹಿಡಿಯುತ್ತಿದ್ದವು.
ಐಸ್‌ಲ್ಯಾಂಡಿನವರು ಕಡಲಿಗೆ ಬೇಲಿ ಹಾಕಿದ್ದರು.
ನೀರಲ್ಲಿ ಕಂಬ ಎಲ್ಲಿ ನೆಟ್ಟರು ಎಂದು
ಗಂಡಸರು ಪಬ್ಬಿನಲ್ಲಿ ಕೂತು ಒಬ್ಬರನ್ನೊಬ್ಬರು ಕೇಳುತ್ತಿದ್ದರು.
ನಮಗೆ ಹದಿನೆಂಟು. ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಗ್ಲೆಂಡಾ ಹಾಡುತ್ತಿದ್ದಳು.
ಹರಾಜುಕಟ್ಟೆಯಲ್ಲಿ ಅವಳಪ್ಪ ಕೂಗುತ್ತಿದ್ದನಲ್ಲ, ಅದೇ ಗಂಟಲು,
ಮಾರಲು ಮಾತ್ರ ಏನೂ ಇಲ್ಲ.
ಹಗಲೆಲ್ಲ ಹ್ಯಾಡಕ್ ಸೀಳಿ ಬೆರಳಿಗೆಲ್ಲ ನೀಲಿ ಪ್ಲಾಸ್ಟರು;
ಮೈಕು ಹಿಡಿದರೆ ದೀಪಕ್ಕೆ ಹೊಳೆಯುತ್ತಿದ್ದವು, ರಾಣಿಯ ಉಂಗುರಗಳು.
ಕ್ಲೈವನ ಗಿಟಾರಿಗೆ ಐದೇ ತಂತಿ. ಆರನೆಯದರ ದುಡ್ಡಲ್ಲಿ
ಚಿಪ್ಸ್ ತಿಂದಿದ್ದ, ನಮಗೂ ಕೊಟ್ಟು.
ಬಾಸ್ ನುಡಿಸುವ ಮಾರ್ವಿನ್ ಮಾತಾಡಿದ್ದು ನನಗೆ ನೆನಪಿಲ್ಲ.
ಯಾನೆಕ್ ಡ್ರಮ್ಮು. ಅವನಪ್ಪ ಯುದ್ಧ ಮುಗಿದ ಮೇಲೆ
ಪೋಲೆಂಡಿಗೆ ಹಿಂತಿರುಗದೆ ಉಳಿದವನು,
ಮಗ ಬಾರಿಸತೊಡಗಿದರೆ ಅಡುಗೆಮನೆಯಿಂದ ಇಣುಕಿ
ಮತ್ತೆ ಶುರುವಾಯಿತಾ, ಅನ್ನುತ್ತಿದ್ದ.

ಆ ಸೀಮೆಯಲ್ಲಿ ಅಂಥವರು ಎಷ್ಟು ಜನ!
ಸ್ಕನ್‌ಥಾರ್ಪಿನ ಉಕ್ಕಿನ ಹುಡುಗರು, ಸುಟ್ಟ ವಾಸನೆ ಬಾರದೆ
ಅವರ ಆಂಪ್ಲಿಫೈಯರು ದನಿಯೇ ತೆಗೆಯುತ್ತಿರಲಿಲ್ಲ.
ಲೌತ್‌ನ ಅವಳಿ ಸೋದರಿಯರು, ಪಾದ್ರಿಯ ಮಕ್ಕಳು,
ಅಪ್ಪನ ಕೋಟಿನಿಂದ ಚರ್ಚಿನ ಹಾಲಿನ ಕೀಲಿಕೈ ಕದ್ದು
ನಮಗೆಲ್ಲ ವೇದಿಕೆ ಕೊಟ್ಟ ಪುಣ್ಯಾತ್ಗಿತ್ತಿಯರು.
ಕ್ಲೀಥಾರ್ಪ್ಸಿನ ಬೆವನ್, ಒಬ್ಬನೇ ಒಂದು ಬ್ಯಾಂಡು,
ಅವನ ಹಾಡು ಹನ್ನೊಂದು ಸೆಕೆಂಡು. ಒನ್ಸ್ ಮೋರ್ ಅಂದರೆ ಬೈಯುತ್ತಿದ್ದ.
ಮೀನುಪೆಟ್ಟಿಗೆಯ ಚೀಟಿಗಳ ಬೆನ್ನಿಗೆ ಪೋಸ್ಟರು ಬರೆದು
ಮೈದಾ ಅಂಟಿನಲ್ಲಿ ಬಸ್ ಸ್ಟಾಪಿಗೆ ಮೆತ್ತಿದರೆ
ಬೆಳಗಾಗುವುದರೊಳಗೆ ಕಡಲಹಕ್ಕಿಗಳು ಕಿತ್ತು ತಿಂದಿರುತ್ತಿದ್ದವು.
ಆದರೂ ಜನ ಬರುತ್ತಿದ್ದರು. ಮೂವತ್ತು, ಒಮ್ಮೆ ನಲವತ್ತೊಂದು.
ನಲವತ್ತೊಂದನೆಯವನು, ವ್ಯಾನು ತೆಗಿ ಅನ್ನಲು ಬಂದ ಪೊಲೀಸು.

ಹಲ್ ಊರು ನದಿಯಾಚೆ.
ಸೇತುವೆ ಇನ್ನೂ ಎರಡು ಗೋಪುರ, ನಡುವೆ ಆಕಾಶ.
ನ್ಯೂ ಹಾಲೆಂಡಿನಿಂದ ಹಳೆಯ ಚಕ್ರದೋಣಿ, ಇಳಿತದ ಹೊತ್ತಿನಲ್ಲಿ
ಮರಳ ದಿಬ್ಬಕ್ಕೆ ಕೂತುಬಿಡುತ್ತಿತ್ತು, ಕೆರೆ ಬಿಟ್ಟೇಳದ ಎಮ್ಮೆ.
ಆ ನವೆಂಬರಿನ ರಾತ್ರಿಯೂ ಕೂತಿತು.
ಅಲ್ಲಿ ನಮ್ಮ ಸರದಿ ಎಂಟಕ್ಕೆ. ಎಂಟಾಯಿತು. ಒಂಬತ್ತು.
ದೂರದ ದೀಪಗಳ ನಡುವೆ ಯಾರೋ ನಮ್ಮ ಹೆಸರು ಕೂಗುತ್ತಿರಬಹುದು,
ಕೂಗದೆಯೂ ಇರಬಹುದು.

ಯಾರೂ ಹೇಳಿರಲಿಲ್ಲ, ಯಾನೆಕ್ ಡ್ರಮ್ಮು ಇಳಿಸತೊಡಗಿದ.
ಕರೆಂಟಿಲ್ಲ. ಕ್ಲೈವನ ಐದು ತಂತಿ, ಕಿವಿಯ ಬಳಿ ಸೊಳ್ಳೆ.
ಗ್ಲೆಂಡಾ ನದಿಗೆ ಮುಖಮಾಡಿ ಬರಿಗಂಟಲಲ್ಲಿ ಕೂಗಿದಳು.
ಕೇಳಿದವರು: ಬಿಸ್ಕತ್ತು ಕಾರ್ಖಾನೆಯ ಇಬ್ಬರು ಹೆಂಗಸರು,
ಟಿಕೆಟಿನವನು, ಯಾರದೋ ನಾಯಿ,
ಸೈಕಲ್ ಹಿಡಿದು ನಿಂತ ಮುದುಕ.
ಎರಡನೆಯ ಹಾಡಿಗೆ ಅವನು ಸೈಕಲ್ ಗಂಟೆ ಬಾರಿಸತೊಡಗಿದ,
ಟಿಣ್, ಟಿಣ್,
ನಮ್ಮಲ್ಲಿ ತಾಳ ತಪ್ಪದವನು ಅವನೊಬ್ಬನೇ.
ನೀರೇರಿ, ದೋಣಿ ಮೈಕೊಡವಿ ಎದ್ದಾಗ
ಹೆಂಗಸರಲ್ಲೊಬ್ಬಳು, ಥತ್, ಈಗಲೇ ಯಾಕೆ, ಅಂದಳು.

ಸೇತುವೆ ಮುಗಿಯಿತು. ದೋಣಿ ನಿಂತಿತು.
ದಾಟುವ ಸುಂಕ ನಮ್ಮ ಸಂಭಾವನೆಗಿಂತ ಜಾಸ್ತಿ.
ಜಗಳವೇನೂ ಆಗಲಿಲ್ಲ, ಯಾನೆಕ್‌ಗೆ ರಾತ್ರಿಪಾಳಿ ಬಂತು, ಅಷ್ಟೆ.
ಲೌತ್‌ನಲ್ಲಿ ಹಿಡಿದ ಒಂದು ಕ್ಯಾಸೆಟ್ಟು ಉಳಿದಿದೆ;
ಅದರ ತುಂಬ, ಇದು ಆನ್ ಆಗಿದೆಯಾ, ಎಂದು ನಾನೇ ಕೇಳುತ್ತಿದ್ದೇನೆ.
ಗ್ಲೆಂಡಾ ಈಗ ಶಾಲೆಮಕ್ಕಳನ್ನು ರಸ್ತೆ ದಾಟಿಸುತ್ತಾಳೆ.
ಅವಳು ನಿಲ್ಲು ಅಂದರೆ ಲಾರಿಗಳು ನಿಲ್ಲುತ್ತವೆ.

ವ್ಯಾನು ಕೊಂಡವನು ವಾರ ಬಿಟ್ಟು ಫೋನು ಮಾಡಿದ:
ಹಿಂದೆ ಒಂದು ಡ್ರಮ್ಮಿನ ಕೋಲು ಸಿಕ್ಕಿದೆ, ಬೇಕಾ?
ಈ ಮೀನಿನ ವಾಸನೆ ಎಂದಾದರೂ ಹೋಗುತ್ತಾ?
ಎರಡಕ್ಕೂ ಇಲ್ಲ ಅಂದೆ.
ಒಂದು ಸುಳ್ಳು.